ಚಾಂಪಿಯನ್ನನ ತದ್ರೂಪಿ: ಥ್ರಿಲ್ಲರ್ ಎಲ್ಲಿ ಎಡವುತ್ತದೆ, ಕುದುರೆಗಳು ಏನು ಕಲಿಸುತ್ತವೆ

ಕ್ರೀಡಾ ದಿಗ್ಗಜನೊಬ್ಬನ ತದ್ರೂಪಿ (ಕ್ಲೋನ್) ಹುಟ್ಟಿಸುವ ಥ್ರಿಲ್ಲರ್ ಬರೆಯಲು ಕೂತವರು ಸಾಮಾನ್ಯವಾಗಿ ಮೊದಲು ಎಡವುವುದು ಕಳ್ಳತನದ ದೃಶ್ಯದಲ್ಲೇ. ಡ್ರೆಸಿಂಗ್ ರೂಮಿಗೆ ನುಗ್ಗಿದವನು ಬಾಚಣಿಗೆಗೆ ಸಿಕ್ಕಿದ ಕೂದಲನ್ನೋ ಬೆವರು ಒರೆಸಿದ ಟವೆಲನ್ನೋ ಎತ್ತಿಕೊಂಡು ಹೋಗುತ್ತಾನೆ. ಮುಂದಿನ ಅಧ್ಯಾಯದಲ್ಲಿ ಮಗು ತಯಾರು. ಆ ಕೂದಲಿನಿಂದ ಅದು ಯಾರದೆಂದು ಪತ್ತೆ ಹಚ್ಚಬಹುದು, ಕೋರ್ಟಿನಲ್ಲಿ ಸಾಕ್ಷ್ಯವಾಗಿಯೂ ಇಡಬಹುದು, ಮಗು ಹುಟ್ಟಿಸಲಾಗದು. ಗುರುತು ಹಿಡಿಯಲು ಡಿಎನ್‌ಎ ಚೂರುಗಳಿದ್ದರೂ ಸಾಕು. ಕ್ಲೋನಿಂಗಿಗೆ ಬೇಕಾದದ್ದು ಎಲ್ಲ ವರ್ಣತಂತುಗಳೂ ತುಂಡಾಗದೆ ಉಳಿದಿರುವ ಇಡೀ ಕೋಶಕೇಂದ್ರ. ಅದು ಸಿಗುವುದು ಜೀವಂತ ಕೋಶದಲ್ಲಿ, ಇಲ್ಲವೇ ಜೀವಂತವಾಗಿದ್ದಾಗಲೇ ಸರಿಯಾದ ಕ್ರಮದಲ್ಲಿ ಹೆಪ್ಪುಗಟ್ಟಿಸಿ ಇಟ್ಟ ಕೋಶದಲ್ಲಿ. ಕೂದಲಿನ ಎಳೆ ಸತ್ತ ವಸ್ತು. ಒಣಗಿದ ರಕ್ತದ ಕಲೆಯಲ್ಲಿ ಕೆಂಪು ಕಣಗಳೇ ಹೆಚ್ಚು, ಅವಕ್ಕೆ ಕೋಶಕೇಂದ್ರವೇ ಇಲ್ಲ; ಬಿಳಿ ಕಣಗಳಿಗೆ ಇದೆ, ಆದರೆ ಒಣಗಿದ ಮೇಲೆ ಅವೂ ಪ್ರಯೋಜನಕ್ಕೆ ಬರುವುದಿಲ್ಲ.

ಇದಕ್ಕೆ ಒಂದು ಅಪವಾದವಿದೆ, ಕಾದಂಬರಿಕಾರರಿಗೆ ಅದು ಉಪಯೋಗಕ್ಕೆ ಬಂದೀತು. 2008ರಲ್ಲಿ ಜಪಾನಿನ ತೆರುಹಿಕೊ ವಾಕಾಯಾಮ ಅವರ ತಂಡ 16 ವರ್ಷ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಬಿದ್ದಿದ್ದ ಇಲಿಗಳಿಂದ ತದ್ರೂಪಿಗಳನ್ನು ಪಡೆಯಿತು. ಮಂಜಿನ ಹರಳುಗಳು ಕೋಶಗಳ ಪೊರೆ ಹರಿದಿದ್ದರೂ ಮಿದುಳಿನ ಕೋಶಕೇಂದ್ರಗಳು ಸಾಕಷ್ಟು ಕೆಡದೆ ಉಳಿದಿದ್ದವು. ಆದರೆ ಅದು ಇಲಿ. ಇಲಿಯ ಅಂಡಾಣು, ಭ್ರೂಣ, ತಾಯಿ ಎಲ್ಲವೂ ಪ್ರಯೋಗಾಲಯದಲ್ಲಿ ನೂರಾರು ಸಂಖ್ಯೆಯಲ್ಲಿ ಸಿಗುತ್ತವೆ. ಈ ಸಂಖ್ಯೆಯ ವಿಷಯ ಮುಂದೆ ಮತ್ತೆ ಬರುತ್ತದೆ, ಏಕೆಂದರೆ ಇಡೀ ಕಥೆ ನಿಲ್ಲುವುದೂ ಬೀಳುವುದೂ ಅದರ ಮೇಲೆಯೇ.

ಕಾದಂಬರಿಗಿಂತ ಮೊದಲೇ ನಡೆದದ್ದು

ಕ್ರೀಡಾ ಚಾಂಪಿಯನ್ನುಗಳನ್ನು ಕ್ಲೋನ್ ಮಾಡುವುದು ಬರೀ ಕಲ್ಪನೆಯಾಗಿ ಉಳಿಯದೆ ಬಹಳ ಕಾಲವಾಯಿತು. ಅರ್ಜೆಂಟೀನಾದ ಪೋಲೊ ಮೈದಾನಗಳಲ್ಲಿ ಅದು ಈಗ ದಿನನಿತ್ಯದ ವಿಚಾರ.

ಅಡಾಲ್ಫೊ ಕಾಂಬಿಯಾಸೊ ಪೋಲೊ ಆಟದ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬರು. 2006ರ ಅರ್ಜೆಂಟೀನಾ ಓಪನ್ ಫೈನಲಿನಲ್ಲಿ ಅವರ ಐಕೆನ್ ಕುರಾ ಎಂಬ ಗಂಡು ಕುದುರೆಯ ಕಾಲು ಮುರಿಯಿತು. ಉಳಿಸಿಕೊಳ್ಳಲು ನಡೆಸಿದ ಪ್ರಯತ್ನ ಕೈಗೂಡಲಿಲ್ಲ, ಕೊನೆಗೆ ದಯಾಮರಣ ಕೊಡಬೇಕಾಯಿತು. ಅದಕ್ಕೆ ಮೊದಲು ಅದರ ಚರ್ಮದ ಕೋಶಗಳನ್ನು ತೆಗೆಸಿ ಇಡಿಸಿದರು. ಅವರ ಇನ್ನೊಂದು ಕುದುರೆ ಕ್ವಾರ್ತೆತೆರಾ ಎಂಬ ಹೆಣ್ಣು; ಅದರ ತದ್ರೂಪಿ ಮರಿಯೊಂದು 2010ರಲ್ಲಿ ಬ್ಯೂನಸ್ ಐರಿಸ್‌ನ ಹರಾಜಿನಲ್ಲಿ 8 ಲಕ್ಷ ಡಾಲರಿಗೆ ಹೋಯಿತು. ಆಗಿನ್ನೂ ಅದು ಪೋಲೊ ಮೈದಾನಕ್ಕೆ ಕಾಲಿಟ್ಟಿರಲಿಲ್ಲ. 2016ರ ಡಿಸೆಂಬರಿನಲ್ಲಿ ಕಾಂಬಿಯಾಸೊ ಅದೇ ಓಪನ್ ಪಂದ್ಯಾವಳಿಯ ಫೈನಲಿನಲ್ಲಿ ಕ್ವಾರ್ತೆತೆರಾದ ಆರು ತದ್ರೂಪಿಗಳನ್ನು ಒಂದರ ನಂತರ ಒಂದು ಏರಿ ಆಡಿದರು. ಅವರ ತಂಡ ಗೆದ್ದಿತು.

ಪೋಲೊಗೆ ಕ್ಲೋನಿಂಗ್ ಇಷ್ಟು ಹೊಂದಿಕೊಂಡದ್ದಕ್ಕೆ ಕಾರಣ ಆಟದ ಸ್ವರೂಪದಲ್ಲೇ ಇದೆ. ಪಂದ್ಯ ಏಳೇಳು ನಿಮಿಷಗಳ ಚಕ್ಕರ್‌ಗಳಲ್ಲಿ ಸಾಗುತ್ತದೆ. ಪೂರ್ತಿ ವೇಗದಲ್ಲಿ ಓಡಿ, ಗಕ್ಕನೆ ನಿಂತು, ತಿರುಗಿ ಮತ್ತೆ ಓಡುವ ಕುದುರೆ ಬೇಗ ದಣಿಯುತ್ತದೆ. ಸವಾರ ಪದೇ ಪದೇ ಕುದುರೆ ಬದಲಿಸಬೇಕು. ಪ್ರತಿ ಕುದುರೆಗೂ ತಿರುಗುವ ರೀತಿ, ಬಾಯಿಯ ಸೂಕ್ಷ್ಮತೆ, ನಿಲ್ಲುವ ಅಂತರ ಬೇರೆ. ಆರೂ ಕುದುರೆಗಳ ಮೈಕಟ್ಟು, ಎತ್ತರ, ದಾಪುಗಾಲಿನ ಅಳತೆ ಹತ್ತಿರ ಹತ್ತಿರ ಒಂದೇ ಆಗಿದ್ದರೆ ಸವಾರನಿಗೆ ಪ್ರತಿ ಸಲ ಹೊಸದಾಗಿ ಹೊಂದಿಕೊಳ್ಳುವ ಕಷ್ಟ ತಪ್ಪುತ್ತದೆ.

ಉಳಿದ ಕುದುರೆ ಕ್ರೀಡೆಗಳಲ್ಲಿ ಉದ್ದೇಶ ಬೇರೆ ಇತ್ತು. ಜಿಗಿತದಲ್ಲಿ 1988ರ ಸಿಯೋಲ್ ಒಲಿಂಪಿಕ್ಸ್‌ನ ಬೆಳ್ಳಿ ಗೆದ್ದ ಜೆಮ್ ಟ್ವಿಸ್ಟ್, ದೂರದ ಓಟದಲ್ಲಿ ಎರಡು ಸಲ ವಿಶ್ವ ಚಾಂಪಿಯನ್ ಆದ ಪಿಯೆರಾಜ್, ಇವೆರಡೂ ಬೀಜ ಒಡೆಸಿದ ಕುದುರೆಗಳು. ಗೆಲ್ಲುವ ವಯಸ್ಸಿನಲ್ಲಿ ಅವುಗಳ ವಂಶ ಮುಂದುವರಿಸುವ ದಾರಿ ಮುಚ್ಚಿಹೋಗಿತ್ತು. ಪಿಯೆರಾಜ್‌ನ ತದ್ರೂಪಿ 2005ರಲ್ಲಿ, ಜೆಮ್ ಟ್ವಿಸ್ಟ್‌ನದು 2008ರಲ್ಲಿ ಹುಟ್ಟಿದವು. ಬೀಜ ಒಡೆಸದೆ ಬೆಳೆಸಿದರೆ ಹಳೆಯ ಚಾಂಪಿಯನ್ನಿನ ಮಕ್ಕಳನ್ನು ತದ್ರೂಪಿಯಿಂದ ಪಡೆಯಬಹುದು ಎಂಬುದು ಲೆಕ್ಕ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಸಂಸ್ಥೆ 2007ರಲ್ಲಿ ತದ್ರೂಪಿಗಳಿಗೆ ಸ್ಪರ್ಧೆ ನಿಷೇಧಿಸಿತ್ತು, 2012ರಲ್ಲಿ ನಿಷೇಧ ತೆಗೆಯಿತು. ಥರೋಬ್ರೆಡ್ ರೇಸಿಂಗ್ ಮಾತ್ರ ಬಾಗಿಲು ತೆರೆದಿಲ್ಲ. ಅಲ್ಲಿ ನೇರ ಮಿಲನದಿಂದ ಹುಟ್ಟಿದ ಮರಿಗಷ್ಟೇ ನೋಂದಣಿ. ಬೆಂಗಳೂರು, ಮೈಸೂರಿನ ರೇಸ್‌ಕೋರ್ಸುಗಳಲ್ಲಿ ಓಡುವ ಕುದುರೆಗಳಿಗೂ ಅದೇ ನಿಯಮ.

ಕೆಲಸ ನಡೆಯುವ ಬಗೆ

ಮೊದಲು ಚರ್ಮದ ತುಣುಕು. ಕುತ್ತಿಗೆ ಅಥವಾ ಎದೆಯ ಕೂದಲು ಬೋಳಿಸಿ, ಮರಗಟ್ಟಿಸುವ ಮದ್ದು ಕೊಟ್ಟು, ಕೆಲವೇ ಮಿಲಿಮೀಟರ್ ಅಗಲದ ಪಂಚ್‌ನಿಂದ ತೆಗೆಯುತ್ತಾರೆ. ಅದನ್ನು ಪೋಷಕ ದ್ರಾವಣದಲ್ಲಿ ಮುಳುಗಿಸಿ, ಐಸ್ ಪ್ಯಾಕ್ ಇಟ್ಟು ತಣ್ಣಗೆ ಕಳಿಸಬೇಕು. ಇಲ್ಲಿ ಅತಿ ಹೆಚ್ಚು ಆಗುವ ತಪ್ಪೆಂದರೆ ಫ್ರೀಜರಿಗೆ ಹಾಕುವುದು. ಹಾಗೆ ಹಾಕಿದರೆ ಕೋಶದೊಳಗಿನ ನೀರು ಹರಳುಗಟ್ಟಿ ಪೊರೆ ಸೀಳುತ್ತದೆ, ಕೋಶ ಸಾಯುತ್ತದೆ. ಸತ್ತ ಪ್ರಾಣಿಯ ವಿಷಯದಲ್ಲೂ ಇದೇ ಮಾತು: ದೇಹ ಫ್ರಿಜ್ಜಿನ ತಂಪಿನಲ್ಲಿದ್ದರೆ ಕೆಲವು ದಿನಗಳವರೆಗೆ ಚರ್ಮದಲ್ಲಿ ಜೀವಂತ ಕೋಶ ಸಿಗುತ್ತದೆ, ಬಿಸಿಲಿನಲ್ಲಿ ಬಿದ್ದಿದ್ದರೆ ಬೇಗ ಕೈತಪ್ಪುತ್ತದೆ.

ಪ್ರಯೋಗಾಲಯದಲ್ಲಿ ತುಣುಕನ್ನು ಕೊಚ್ಚಿ ತಟ್ಟೆಯಲ್ಲಿಟ್ಟರೆ ಒಂದೆರಡು ವಾರಗಳಲ್ಲಿ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳು ಅಂಚಿನಿಂದ ಹೊರಕ್ಕೆ ಹರಡುತ್ತವೆ. ಲಕ್ಷಗಟ್ಟಲೆ ಆದ ಮೇಲೆ ಶೇ. 10ರಷ್ಟು ಡಿಎಂಎಸ್‌ಒ (ಕೋಶದೊಳಗೆ ಮಂಜಿನ ಹರಳು ಕಟ್ಟದಂತೆ ತಡೆಯುವ ರಾಸಾಯನಿಕ) ಇರುವ ದ್ರಾವಣದಲ್ಲಿ ನಿಧಾನವಾಗಿ ತಣಿಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಇಳಿಸುತ್ತಾರೆ. ನಮ್ಮೂರ ಪಶು ಆಸ್ಪತ್ರೆಗಳಲ್ಲಿ ಹೋರಿಯ ವೀರ್ಯದ ಕಡ್ಡಿಗಳನ್ನು ಇಡುವ ಜಾಡಿ ನೋಡಿದ್ದರೆ ಇದೂ ಅದೇ ತರಹದ್ದು. ಇಲ್ಲಿಗೆ ಚಾಂಪಿಯನ್ನಿನ ಕೆಲಸ ಮುಗಿಯಿತು.

ಕಷ್ಟವಿರುವುದು ಅಂಡಾಣುವಿನಲ್ಲಿ. ಹಸುವಿಗೆ ಹಾರ್ಮೋನ್ ಚುಚ್ಚಿ ಒಂದೇ ಚಕ್ರದಲ್ಲಿ ಹಲವು ಅಂಡಾಣು ಬಲಿಯುವಂತೆ ಮಾಡಬಹುದು. ಕುದುರೆ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಸುಮಾರು 21 ದಿನಕ್ಕೆ ಒಂದು ಅಂಡಾಣು, ಅಷ್ಟೇ. ಹಾಗಾಗಿ ಕುದುರೆ ಕಸಾಯಿಖಾನೆಗಳಿಂದ ಅಂಡಾಶಯಗಳನ್ನು ತಂದು, ಸಣ್ಣ ಚೀಲಗಳಿಂದ ಬಲಿಯದ ಅಂಡಾಣುಗಳನ್ನು ಕೆರೆದು ತೆಗೆದು, ಸುಮಾರು ಒಂದು ದಿನ ಇನ್‌ಕ್ಯುಬೇಟರಿನಲ್ಲಿ ಬಲಿಸುತ್ತಾರೆ. ಅಮೆರಿಕದಲ್ಲಿ ಕುದುರೆ ಕಸಾಯಿಖಾನೆಗಳು 2007ರಲ್ಲೇ ಮುಚ್ಚಿದವು, ಅರ್ಜೆಂಟೀನಾದಲ್ಲಿ ನಡೆಯುತ್ತಿವೆ. ಆ ದೇಶ ಕುದುರೆ ಕ್ಲೋನಿಂಗಿನ ಕೇಂದ್ರವಾದದ್ದಕ್ಕೆ ಪೋಲೊ ಹುಚ್ಚಿನ ಜತೆಗೆ ಇದೂ ಒಂದು ಕಾರಣ.

ಬಲಿತ ಅಂಡಾಣುವಿನ ವರ್ಣತಂತುಗಳು ಒಂದು ಅಂಚಿನಲ್ಲಿ ಗುಂಪಾಗಿರುತ್ತವೆ. ಸೂಕ್ಷ್ಮದರ್ಶಕದಡಿ, ಕೂದಲಿಗಿಂತ ತೆಳುವಾದ ಗಾಜಿನ ನಳಿಕೆಯಿಂದ ಅವನ್ನು ಹೀರಿ ತೆಗೆಯುತ್ತಾರೆ. ಪೂರ್ತಿ ಬರದಿದ್ದರೆ ಭ್ರೂಣದ ವರ್ಣತಂತು ಲೆಕ್ಕ ತಪ್ಪಿ ಅದು ಬೆಳೆಯುವುದಿಲ್ಲ. ಅಕ್ಕಪಕ್ಕದ್ದು ಹೆಚ್ಚು ಬಂದರೆ ಅಂಡಾಣು ಸೊರಗುತ್ತದೆ. ಖಾಲಿಯಾದ ಅಂಡಾಣುವಿನ ಪಕ್ಕಕ್ಕೆ ಚಾಂಪಿಯನ್ನಿನ ಕೋಶವೊಂದನ್ನು ಅಂಟಿಸಿ, ಮಿಂಚಿನಷ್ಟು ಚಿಕ್ಕ ವಿದ್ಯುತ್ ತುಡಿತ ಕೊಟ್ಟರೆ ಎರಡೂ ಬೆಸೆದುಕೊಳ್ಳುತ್ತವೆ. ವೀರ್ಯಾಣು ಬಂದಾಗ ಅಂಡಾಣುವಿನೊಳಗೆ ಕ್ಯಾಲ್ಸಿಯಂ ಅಲೆಯೇಳುತ್ತದೆ, ಅದೇ ವಿಭಜನೆಗೆ ಅಪ್ಪಣೆ. ಇಲ್ಲಿ ವೀರ್ಯಾಣು ಇಲ್ಲದ್ದರಿಂದ ಅಯೊನೊಮೈಸಿನ್‌ನಂಥ ರಾಸಾಯನಿಕದಿಂದ ಆ ಅಲೆ ಎಬ್ಬಿಸಬೇಕು. ಏಳೆಂಟು ದಿನ ಬೆಳೆಸಿದ ಭ್ರೂಣವನ್ನು, ಋತುಚಕ್ರ ಹೊಂದಿಸಿಟ್ಟ ಇನ್ನೊಂದು ಹೆಣ್ಣು ಕುದುರೆಯ ಗರ್ಭಕ್ಕೆ ಸೇರಿಸುತ್ತಾರೆ. ಆಮೇಲೆ ಹನ್ನೊಂದು ತಿಂಗಳ ಕಾಯುವಿಕೆ.

ಏನು ಕೆಡುತ್ತದೆ, ಯಾಕೆ

1996ರಲ್ಲಿ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಡಾಲಿ ಕುರಿ ಹುಟ್ಟಿದಾಗ 277 ಬೆಸುಗೆಗಳಲ್ಲಿ ಭ್ರೂಣವಾಗಿ ಗರ್ಭ ಸೇರಿದ್ದು 29, ಜೀವಂತ ಹುಟ್ಟಿದ್ದು ಒಂದೇ. 2003ರಲ್ಲಿ ಇಟಲಿಯ ಕ್ರೆಮೋನಾದಲ್ಲಿ ಚೆಸಾರೆ ಗಲ್ಲಿ ಅವರ ತಂಡ ಮೊದಲ ಕುದುರೆ ತದ್ರೂಪಿ ಪ್ರೊಮೆಟಿಯಾವನ್ನು ಪಡೆದಾಗ ಲೆಕ್ಕ ಇನ್ನೂ ಕಠಿಣವಾಗಿತ್ತು: 841 ಬೆಸುಗೆ, 22 ಭ್ರೂಣ, ಗರ್ಭಕ್ಕೆ ಸೇರಿಸಿದ್ದು 17, ನಿಂತ ಗರ್ಭ 4, ಹುಟ್ಟಿದ್ದು 1. ಪ್ರೊಮೆಟಿಯಾಳನ್ನು ಹೊತ್ತದ್ದು ಅವಳಿಗೆ ಕೋಶ ಕೊಟ್ಟ ಕುದುರೆಯೇ. ತನ್ನದೇ ಅವಳಿಯನ್ನು ತಾನೇ ಹೆತ್ತ ತಾಯಿ! ಆಗಿನಿಂದ ಕೌಶಲ ಬಹಳ ಸುಧಾರಿಸಿದೆ, ನಷ್ಟ ಮಾತ್ರ ನಿಂತಿಲ್ಲ.

ಕಾರಣವನ್ನು ಹೀಗೆ ಹೇಳಬಹುದು. ಚರ್ಮದ ಕೋಶದಲ್ಲಿ ಇಡೀ ದೇಹದ ಡಿಎನ್‌ಎ ಇದ್ದರೂ ಅದು ಚರ್ಮಕ್ಕೆ ಬೇಕಾದ ಪುಟಗಳನ್ನಷ್ಟೇ ಓದುತ್ತದೆ. ಉಳಿದ ಪುಟಗಳಿಗೆ ರಾಸಾಯನಿಕ ಬೀಗಗಳು ಬಿದ್ದಿರುತ್ತವೆ. ಅಂಡಾಣು ಕೆಲವೇ ಗಂಟೆಗಳಲ್ಲಿ ಆ ಬೀಗಗಳನ್ನೆಲ್ಲ ತೆಗೆದು, ಮೊದಲ ಪುಟದಿಂದ ಓದಿಸಬೇಕು. ಕೆಲವು ಬೀಗ ಹಾಗೇ ಉಳಿಯುತ್ತವೆ, ತೆಗೆಯಬಾರದ ಕೆಲವು ತೆರೆದುಕೊಳ್ಳುತ್ತವೆ. ಇದರ ಮೊದಲ ಪೆಟ್ಟು ಬೀಳುವುದು ಹೆಚ್ಚಾಗಿ ಮಾಸುಚೀಲದ ಮೇಲೆ. ಅದು ಊದಿಕೊಂಡರೆ ಅಥವಾ ರಕ್ತನಾಳಗಳು ಸರಿಯಾಗಿ ಕೂಡದಿದ್ದರೆ ಗರ್ಭ ಜಾರುತ್ತದೆ. ಹುಟ್ಟಿದ ಮರಿಗಳಲ್ಲಿ ದಪ್ಪಗಿನ ಹೊಕ್ಕುಳಬಳ್ಳಿ, ಸೆಟೆದ ಸ್ನಾಯುರಜ್ಜುಗಳಿಂದ ಬಾಗಿದ ಮುಂಗಾಲು, ಏಳಲು ಮೊಲೆ ಹುಡುಕಲು ತಿಳಿಯದ ಮಂಕುತನ ಕಾಣುತ್ತವೆ. ಮೊದಲ ಕೆಲವು ದಿನ ತೀವ್ರ ನಿಗಾ ಕೊಟ್ಟರೆ ಬಹಳಷ್ಟು ಮರಿಗಳು ಚೇತರಿಸಿಕೊಳ್ಳುತ್ತವೆ. ತದ್ರೂಪಿಗಳು ಬೇಗ ಮುದಿಯಾಗುತ್ತವೆ ಎಂಬ ಮಾತು ಡಾಲಿಯ ಸಾವಿನಿಂದ ಹಬ್ಬಿತು. ಆಕೆಯನ್ನು ಬಲಿ ತೆಗೆದುಕೊಂಡದ್ದು ವೈರಸ್ಸಿನಿಂದ ಬರುವ ಶ್ವಾಸಕೋಶದ ಗಡ್ಡೆ. ಅದೇ ಕೋಶಗಳಿಂದ ಮುಂದೆ ಹುಟ್ಟಿದ ನಾಲ್ಕು ಕುರಿಗಳು ವಯಸ್ಸಿಗೆ ತಕ್ಕ ಆರೋಗ್ಯದಲ್ಲಿದ್ದುದನ್ನು 2016ರಲ್ಲಿ ವರದಿ ಮಾಡಲಾಯಿತು.

ಎಲ್ಲ ಸರಿಹೋದರೂ ತದ್ರೂಪಿ ನೂರಕ್ಕೆ ನೂರು ನಕಲಲ್ಲ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಕ್ಕೆ ತನ್ನದೇ 37 ವಂಶವಾಹಿಗಳಿವೆ. ಅವು ಬರುವುದು ಅಂಡಾಣು ಕೊಟ್ಟ ಯಾವುದೋ ಹೆಸರಿಲ್ಲದ ಕುದುರೆಯಿಂದ. ಸ್ನಾಯುವಿನ ಕಸುವೇ ಮುಖ್ಯವಾದ ಕ್ರೀಡೆಯಲ್ಲಿ ಇದು ಕಡೆಗಣಿಸುವ ವಿಷಯವಲ್ಲ. ಹಣೆಯ ಮೇಲಿನ ಬಿಳಿ ಚುಕ್ಕಿ, ಕಾಲಿನ ಬಿಳಿ ಪಟ್ಟಿಗಳೂ ತದ್ರೂಪಿಯಿಂದ ತದ್ರೂಪಿಗೆ ಬೇರೆಯಾಗುತ್ತವೆ. ಬಣ್ಣದ ಕೋಶಗಳು ಗರ್ಭದಲ್ಲಿ ಎಷ್ಟು ದೂರ ಸರಿದು ನಿಲ್ಲುತ್ತವೆ ಎಂಬುದು ಪೂರ್ತಿ ವಂಶವಾಹಿಯ ಕೈಯಲ್ಲಿಲ್ಲ.

ಸಾಧನೆಯ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ಪರೀಕ್ಷೆ ನಡೆದದ್ದು ಹೇಸರಗತ್ತೆಗಳಲ್ಲಿ. ಇಡಾಹೊ ವಿಶ್ವವಿದ್ಯಾಲಯ ಮತ್ತು ಯೂಟಾ ಸ್ಟೇಟ್ ವಿಶ್ವವಿದ್ಯಾಲಯಗಳ ತಂಡ 2003ರಲ್ಲಿ, ಟಾಜ್ ಎಂಬ ಚಾಂಪಿಯನ್ ರೇಸ್ ಹೇಸರಗತ್ತೆಯ ಒಡಹುಟ್ಟಿನ ಭ್ರೂಣಕೋಶಗಳಿಂದ ಮೂರು ತದ್ರೂಪಿಗಳನ್ನು ಹುಟ್ಟಿಸಿತು. ಅವುಗಳಲ್ಲಿ ಇಡಾಹೊ ಜೆಮ್ ಮತ್ತು ಇಡಾಹೊ ಸ್ಟಾರ್ ಬೇರೆ ಬೇರೆ ತರಬೇತುದಾರರ ಕೈಯಲ್ಲಿ ಬೆಳೆದು 2006ರ ಜೂನಿನಲ್ಲಿ ನೆವಾಡಾದ ವಿನಮಕಾದಲ್ಲಿ ಒಂದೇ ರೇಸಿನಲ್ಲಿ ಓಡಿದವು. ಫೈನಲಿನಲ್ಲಿ ಒಂದು ಮೂರನೆಯದಾಗಿ ಬಂತು, ಇನ್ನೊಂದು ಏಳನೆಯದಾಗಿ. ವಂಶವಾಹಿ ಒಂದೇ, ಟ್ರ್ಯಾಕ್ ಒಂದೇ, ದಿನವೂ ಒಂದೇ; ಗುರಿ ಮುಟ್ಟುವಾಗ ಇವೆರಡರ ನಡುವೆ ಇನ್ನೂ ಮೂರು ಹೇಸರಗತ್ತೆಗಳಿದ್ದವು.

ಈಗ ಮನುಷ್ಯನ ಮಾತು

ಮನುಷ್ಯರಿಗೆ ತೀರ ಹತ್ತಿರದ ಪುರಾವೆ ಸಿಗುವುದು ಕೋತಿಗಳಿಂದ. 2018ರ ಜನವರಿಯಲ್ಲಿ ಶಾಂಘೈನ ತಂಡ ಜಾಂಗ್‌ಜಾಂಗ್, ಹುವಾಹುವಾ ಎಂಬ ಎರಡು ತದ್ರೂಪಿ ಕೋತಿಗಳನ್ನು ಜಗತ್ತಿಗೆ ತೋರಿಸಿತು. ಬೀಗ ತೆಗೆಯಲು ನೆರವಾಗುವ ಎರಡು ವಸ್ತುಗಳನ್ನು ಅಂಡಾಣುವಿಗೆ ಸೇರಿಸಿದ್ದು ಅವರ ಹೊಸ ಉಪಾಯ. ಸುದ್ದಿಯಲ್ಲಿ ಹೆಚ್ಚು ಜನ ಗಮನಿಸದ ಸಂಗತಿಯೆಂದರೆ ಆ ಎರಡೂ ಹುಟ್ಟಿದ್ದು ಗರ್ಭದಲ್ಲಿದ್ದ ಭ್ರೂಣದ ಕೋಶಗಳಿಂದ; 79 ಭ್ರೂಣಗಳನ್ನು 21 ತಾಯಂದಿರಿಗೆ ಸೇರಿಸಿದ್ದರು. ಬೆಳೆದ ಕೋತಿಯ ಕೋಶದಿಂದಲೂ ಅದೇ ತಂಡ ಪ್ರಯತ್ನಿಸಿತ್ತು. ಅಲ್ಲಿ 181 ಭ್ರೂಣಗಳನ್ನು 42 ತಾಯಂದಿರಿಗೆ ಸೇರಿಸಿದರು, 22 ಗರ್ಭ ನಿಂತವು, ಹುಟ್ಟಿದ ಎರಡು ಮರಿಗಳೂ ಬೇಗನೆ ಸತ್ತವು.

ಕ್ರೀಡಾ ದಿಗ್ಗಜ ಎಂದರೆ ಬೆಳೆದ ಮನುಷ್ಯ. ಆದ್ದರಿಂದ ಕಾದಂಬರಿಗೆ ಹೊಂದುವುದು ಎರಡನೆಯ ಲೆಕ್ಕವೇ. ನಲವತ್ತೆರಡು ಹೆಂಗಸರು, ಇಪ್ಪತ್ತೆರಡು ಗರ್ಭ, ಇಪ್ಪತ್ತು ನಷ್ಟ, ಎರಡು ಪುಟ್ಟ ಶವ. ಐವಿಎಫ್‌ನಲ್ಲಿ (ಪ್ರನಾಳ ಶಿಶು ಚಿಕಿತ್ಸೆಯಲ್ಲಿ) ಒಬ್ಬ ದಾನಿಯಿಂದ ಒಂದು ಚಕ್ರಕ್ಕೆ ಸುಮಾರು ಹತ್ತರಿಂದ ಹದಿನೈದು ಅಂಡಾಣು ಸಿಗುತ್ತವೆ. ನೂರಾರು ಅಂಡಾಣುವಿಗೆ ಹತ್ತಾರು ದಾನಿಗಳು ಬೇಕು. ಹಾರ್ಮೋನ್ ಚುಚ್ಚುಮದ್ದು, ಅರಿವಳಿಕೆ ಕೊಡುವವರು, ಸ್ಕ್ಯಾನಿಂಗ್, ಗರ್ಭಪಾತವಾದಾಗ ಆಸ್ಪತ್ರೆ. ದ್ವೀಪವೊಂದರಲ್ಲಿ ಒಬ್ಬ ಒಂಟಿ ವಿಜ್ಞಾನಿ ಮಾಡುವ ಕೆಲಸ ಇದಲ್ಲ. ನೂರು ಜನರ ಬಾಯಿ ಕಟ್ಟಬೇಕು. ಮನುಷ್ಯರ ಮೇಲೆ ಇದನ್ನು ಮಾಡಬಾರದೆನ್ನಲು ಬೇರೆ ತತ್ತ್ವವೇ ಬೇಕಿಲ್ಲ, ಆ ಹೆಂಗಸರ ಮತ್ತು ಆ ಮಕ್ಕಳ ನೋವೇ ಸಾಕು. ಬ್ರಿಟನ್ 2001ರಲ್ಲೇ ಕಾನೂನು ತಂದು ನಿಷೇಧಿಸಿತು. ಭಾರತದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ಇದನ್ನು ನಿಷಿದ್ಧ ಸಂಶೋಧನೆಯ ಪಟ್ಟಿಯಲ್ಲಿಟ್ಟಿದೆ. ವಾಣಿಜ್ಯ ಬಾಡಿಗೆ ತಾಯ್ತನಕ್ಕೂ 2021ರ ಕಾಯ್ದೆ ತಡೆ ಹಾಕಿದೆ.

ಇಷ್ಟೆಲ್ಲ ದಾಟಿ ಮಗು ಹುಟ್ಟಿತೆಂದೇ ಇಟ್ಟುಕೊಳ್ಳೋಣ. ಅದು ಯಾರು? ಮೂಲ ಆಟಗಾರನ ಅವಳಿ, ಮೂವತ್ತೋ ಎಂಬತ್ತೋ ವರ್ಷ ತಡವಾಗಿ ಹುಟ್ಟಿದ ಅವಳಿ. ಎತ್ತರ, ಮೂಳೆಗಳ ಉದ್ದ, ಸ್ನಾಯುವಿನ ನಾರುಗಳ ಹಂಚಿಕೆ ಬಹುಮಟ್ಟಿಗೆ ಹೋಲುತ್ತವೆ. ಮೈ ಪಳಗುವ ಗುಣವೂ ಸ್ವಲ್ಪ ಮಟ್ಟಿಗೆ ಬಳುವಳಿಯೇ. 98 ಕುಟುಂಬಗಳ 481 ಜನರಿಗೆ 20 ವಾರ ಒಂದೇ ತರಬೇತಿ ಕೊಟ್ಟ ಹೆರಿಟೇಜ್ ಅಧ್ಯಯನದಲ್ಲಿ ಕೆಲವರ ಆಮ್ಲಜನಕ ಬಳಸುವ ಸಾಮರ್ಥ್ಯ ಚೂರೂ ಏರಲಿಲ್ಲ, ಕೆಲವರದು ಬಹಳ ಏರಿತು. ಆ ವ್ಯತ್ಯಾಸದಲ್ಲಿ ಸುಮಾರು ಶೇ. 47ರಷ್ಟು ಕುಟುಂಬದ ಬಳುವಳಿ ಎಂದು ಅಂದಾಜಾಯಿತು. ಸ್ಪರ್ಧೆ ಬಹುಪಾಲು ಶ್ವಾಸಕೋಶ, ಹೃದಯ, ರಕ್ತಗಳದ್ದೇ ಆದ ಸೈಕ್ಲಿಂಗ್, ದೂರದ ಓಟ, ಸ್ಕೀಯಿಂಗ್‌ಗಳಲ್ಲಿ ತದ್ರೂಪಿ ಒಳ್ಳೆಯ ಆಟಗಾರನಾಗುವ ಸಾಧ್ಯತೆ ನಿಜಕ್ಕೂ ಹೆಚ್ಚು.

ಕ್ರಿಕೆಟ್ ತೆಗೆದುಕೊಂಡರೆ ಚಿತ್ರ ಬದಲಾಗುತ್ತದೆ. ಡಾನ್ ಬ್ರಾಡ್ಮನ್ 52 ಟೆಸ್ಟುಗಳಲ್ಲಿ 99.94ರ ಸರಾಸರಿ ಪಡೆದವರು. ಬೌರಲ್ ಎಂಬ ಊರಿನ ಮನೆಯ ಹಿಂದೆ, ನೀರಿನ ತೊಟ್ಟಿಯ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ಅದು ಎತ್ತೆತ್ತಲೋ ಪುಟಿದು ಬಂದಾಗ ಕ್ರಿಕೆಟ್ ಸ್ಟಂಪಿನಿಂದ ಹೊಡೆಯುವುದು ಹುಡುಗನಾಗಿದ್ದಾಗಿನ ಅವರ ಆಟ. ಎರಡನೆಯ ಮಹಾಯುದ್ಧದಲ್ಲಿ ಸೇನೆ ಪರೀಕ್ಷಿಸಿದಾಗ ಅವರ ಕಣ್ಣಿನ ದೃಷ್ಟಿ ಸಾಧಾರಣಕ್ಕಿಂತ ಕಡಿಮೆಯೇ ಎಂದು ತಿಳಿಯಿತು. ಚೆಂಡು ಎಲ್ಲಿಗೆ ಬರುತ್ತದೆಂದು ಮೊದಲೇ ಕಾಣುವ ಶಕ್ತಿಯನ್ನು ಮಿದುಳು ಆ ಕಟ್ಟೆಯ ಮುಂದೆ ಸಾವಿರಾರು ಸಲ ತಪ್ಪಿ, ಸರಿಪಡಿಸಿಕೊಂಡು ಕಟ್ಟಿಕೊಂಡಿತ್ತು. ಅದು ಚರ್ಮದ ಕೋಶದಲ್ಲಿಲ್ಲ. ತದ್ರೂಪಿಗೆ ಆ ಹಿತ್ತಿಲು, ಆ ಬೇಸರದ ಮಧ್ಯಾಹ್ನಗಳು, ಬೇರೆ ಆಟಿಕೆಯಿಲ್ಲದ ಬಾಲ್ಯ ಸಿಗುವುದಿಲ್ಲ. ಬದಲಿಗೆ ಹುಟ್ಟಿದ ದಿನದಿಂದ ತಾನು ಯಾರಾಗಬೇಕೆಂದು ತಿಳಿದಿರುವ ಮನೆ ಸಿಗುತ್ತದೆ.

ಪೋಲೊ ತದ್ರೂಪಿಗಳು ಗೆದ್ದದ್ದೂ ಮನುಷ್ಯ ತದ್ರೂಪಿ ಸೋಲುವುದೂ ಒಂದೇ ಕಾರಣಕ್ಕೆ ಎಂಬುದು ಇಲ್ಲಿ ಕಾಣುತ್ತದೆ. ಕ್ವಾರ್ತೆತೆರಾದ ಮೈ ಮರುಹುಟ್ಟು ಪಡೆದಾಗ ಆ ಮೈಯನ್ನು ಬಳಸಬಲ್ಲ ಸವಾರ ಇನ್ನೂ ಆಡುತ್ತಿದ್ದ. ಅದೇ ಕೊಟ್ಟಿಗೆ, ಅದೇ ಪಳಗಿಸುವವರು, ಅದೇ ಮೈದಾನ. ಬ್ಯಾಟ್ಸ್‌ಮನ್‌ನ ವಿಷಯದಲ್ಲಿ ಕುದುರೆಯೂ ಅವನೇ, ಸವಾರನೂ ಅವನೇ. ಕೋಶದಿಂದ ಮರಳಿ ಬರುವುದು ಕುದುರೆ ಮಾತ್ರ.

ತುಳುನಾಡಿನ ಕಂಬಳ ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತಾಂತ್ರಿಕವಾಗಿ ನೋಡಿದರೆ ಕಂಬಳದ ಕೋಣದ ತದ್ರೂಪಿ ನಮ್ಮ ದೇಶದಲ್ಲೇ ಸಾಧ್ಯ. ಕರ್ನಾಲಿನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ, ದುಬಾರಿ ಯಂತ್ರವಿಲ್ಲದೆ ಸಣ್ಣ ಬ್ಲೇಡಿನಿಂದ ಕೈಯಲ್ಲೇ ಅಂಡಾಣು ಕತ್ತರಿಸುವ ವಿಧಾನದಿಂದ 2009ರಲ್ಲಿ ಎಮ್ಮೆಯ ತದ್ರೂಪಿ ಪಡೆಯಿತು. ಮೊದಲ ಕರು ವಾರದೊಳಗೆ ಸತ್ತಿತು. ಜೂನಿನಲ್ಲಿ ಹುಟ್ಟಿದ ಗರಿಮಾ ಬದುಕಿತು. 2010ರ ಗರಿಮಾ-2 ಮುಂದೆ ಸಹಜವಾಗಿ ಕರುವನ್ನೂ ಹಾಕಿತು. ಆದರೆ ಕಂಬಳದಲ್ಲಿ ಓಡುವುದು ಜೋಡಿ. ಎರಡೂ ಕೋಣಗಳ ಹೆಜ್ಜೆ ಕೂಡಬೇಕು, ಹುರುಳಿ ಬೇಯಿಸಿ ಹಾಕಿ ಎಣ್ಣೆ ತಿಕ್ಕಿ ಸಾಕುವ ಮನೆ ಬೇಕು, ಕೆಸರುಗದ್ದೆಯಲ್ಲಿ ಹಿಂದೆ ಓಡುವವನ ಕಾಲು ಅವುಗಳ ವೇಗಕ್ಕೆ ಸಾಟಿಯಾಗಬೇಕು. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ದೇಶವೆಲ್ಲ ಕೊಂಡಾಡಿದ್ದು ಓಟಗಾರ ಶ್ರೀನಿವಾಸ ಗೌಡರನ್ನು.

ಕಾದಂಬರಿಗೆ ಉಳಿಯುವ ಜಾಗ

ಹಾಗಾದರೆ ಥ್ರಿಲ್ಲರ್‌ಗೆ ನಿಜವಾದ ಕಥಾವಸ್ತು ಎಲ್ಲಿದೆ? ಒಂದು ಕಡೆ ತದ್ರೂಪಿಯನ್ನು ತಿದ್ದುವ ಕೆಲಸದಲ್ಲಿ. ಅರ್ಜೆಂಟೀನಾದ ಖೈರಾನ್ ಕಂಪನಿ 2024ರ ಕೊನೆಯಲ್ಲಿ ಪೋಲೊ ಪುರೇಜಾ ಎಂಬ ಪ್ರಶಸ್ತಿ ವಿಜೇತ ಕುದುರೆಯ ಐದು ತದ್ರೂಪಿಗಳನ್ನು ಹುಟ್ಟಿಸಿತು; ಸ್ನಾಯು ಬೆಳವಣಿಗೆಗೆ ಕಡಿವಾಣ ಹಾಕುವ ಮಯೊಸ್ಟಾಟಿನ್ ವಂಶವಾಹಿಯನ್ನು ಅವುಗಳಲ್ಲಿ, ಡಿಎನ್‌ಎ ಕತ್ತರಿಸಿ ತಿದ್ದುವ ಕ್ರಿಸ್ಪರ್ ವಿಧಾನದಿಂದ ಬದಲಿಸಲಾಗಿತ್ತು. ಚಾಂಪಿಯನ್ನಿನ ಮೈಗೆ ಇನ್ನಷ್ಟು ಸ್ಫೋಟಕ ವೇಗ ಕೊಡುವ ಪ್ರಯತ್ನ ಇದು. ತದ್ರೂಪಿಗಳನ್ನು ಒಪ್ಪಿಕೊಂಡ ಅಲ್ಲಿನ ಪೋಲೊ ಸಂಘ, ಇಂಥ ತಿದ್ದಿದ ಕುದುರೆಗಳಿಗೆ ಮೈದಾನದಲ್ಲಿ ಜಾಗವಿಲ್ಲ ಎಂದಿತು.

ಇನ್ನೊಂದು ಜಾಗ ಆ ಸಾರಜನಕದ ಜಾಡಿ. ಬೆರಳುದ್ದದ ಒಂದು ಸೀಸೆಯಲ್ಲಿ ಲಕ್ಷಾಂತರ ಕೋಶಗಳಿರುತ್ತವೆ, ಪ್ರತಿಯೊಂದೂ ಇನ್ನೊಂದು ಕ್ವಾರ್ತೆತೆರಾ ಆಗಬಲ್ಲದು. ಆದ್ದರಿಂದ ಕುದುರೆಯ ಮಾಲೀಕನಿಗೂ ಕ್ಲೋನಿಂಗ್ ಕಂಪನಿಗೂ ನಡುವಿನ ಕರಾರಿನಲ್ಲಿ ಅತಿ ಬೆಲೆಯುಳ್ಳ ಸಾಲು ಹುಟ್ಟುವ ಮರಿಯ ಬಗ್ಗೆ ಇರುವುದಿಲ್ಲ. ಸೀಸೆ ಯಾರ ಸ್ವತ್ತು, ಎಷ್ಟು ಸೀಸೆ, ಎಲ್ಲೆಲ್ಲಿ ಇಟ್ಟಿದೆ, ಎಷ್ಟು ಮರಿ ಹುಟ್ಟಿಸಲು ಅಪ್ಪಣೆ ಎಂಬುದರ ಬಗ್ಗೆ ಇರುತ್ತದೆ. ಸಾರಜನಕ ಪ್ರತಿದಿನವೂ ಸ್ವಲ್ಪ ಸ್ವಲ್ಪ ಆವಿಯಾಗುತ್ತದೆ. ಅಳತೆಕೋಲು ಇಳಿಸಿ ಮಟ್ಟ ನೋಡಿ, ಕಡಿಮೆಯಾದಷ್ಟು ತುಂಬಿಸುತ್ತಿರಬೇಕು. ಎರಡು ಊರುಗಳಲ್ಲಿ ಎರಡು ಜಾಡಿ ಇಡುವುದು ರೂಢಿ. ಕಳ್ಳನಿಗೆ ಸೀಸೆ ಕದಿಯುವ ಅಗತ್ಯವೂ ಇಲ್ಲ, ಎರಡೂ ಜಾಡಿಗಳ ಸಾರಜನಕ ಚೆಲ್ಲಿ, ಮುಚ್ಚಳ ತೆರೆದಿಟ್ಟು ಬಂದರೆ ಸಾಕು. ಯಾರಾದರೂ ಬಂದು ನೋಡುವ ಹೊತ್ತಿಗೆ ಸೀಸೆಗಳು ಸಾಲಾಗಿ ಹಾಗೇ ನಿಂತಿರುತ್ತವೆ, ಚೀಟಿ ಕೂಡ ಹರಿದಿರುವುದಿಲ್ಲ, ಒಳಗಿನ ಕೋಶಗಳು ಮಾತ್ರ ಸತ್ತಿರುತ್ತವೆ.